ದಿಕ್ಕು ನೋಡಿದೆ

ಪೂರ್ತಿ ನಿಲ್ಲಲಿ ಅತ್ತಿಗೆ, ಅವಸರಪಟ್ಟು ಕೈ ಹಾಕಿ ಬೆರಳು ಕಳ್ಕೊಂಡ್ರೆ ನಮ್ಮಣ್ಣನಿಗೆ ಉತ್ತರ ಹೇಳೋರು ಯಾರು, ಎಂದು ಮೈದುನ ಹಿಂದಿನಿಂದ ಹೇಳುತ್ತಿದ್ದಾನೆ, ಅವಳು ತಿರುಗಿ ನೋಡಲಿಲ್ಲ, ಕಣ್ಣು ಬೆಲ್ಟು ಓಡುವ ಪುಲ್ಲಿಯ ಮೇಲಿತ್ತು, ಸ್ವಿಚ್ ಆರಿಸಿ ಎರಡು ನಿಮಿಷವಾಯಿತು, ಧೂಳೆಳೆಯುವ ಬ್ಲೋವರು ಇನ್ನೂ ತಿರುಗುತ್ತಲೇ ಇದೆ, ಹೊರಟೆ ಹೊರಟೆ ಎನ್ನುತ್ತಾ ಹೊಸ್ತಿಲಲ್ಲೇ ಅರ್ಧ ಗಂಟೆ ಮಾತಿಗೆ ನಿಲ್ಲುವ ನೆಂಟನ ಹಾಗೆ, ಬೆಲ್ಟಿನ ಅಂಚಿನಲ್ಲಿ ಒಂದು ಬಿಳಿ ನೂಲು ಎದ್ದಿದೆ, ಅದು ಮೇಲೆ ಬಂದು ಗೋಡೆಯ ಕಡೆಗೆ ಇಳಿಯುತ್ತದೆ, ಮತ್ತೆ ಮೇಲೆ ಬಂದು ಗೋಡೆಯ ಕಡೆಗೆ, ಇನ್ನೂ ನಿಧಾನ, ಇನ್ನೂ — ನಿಂತಿತು. ಬೀಗ ಆಗಲೇ ಬಿದ್ದಿದೆ ಮೇನ್ ಬೋರ್ಡಿಗೆ, ಬೀಗದ ಕೈ ಅವಳ ಕೊರಳಿನ ದಾರದಲ್ಲಿದೆ, ಎರಡನೆಯ ಕೈ ಎಂಬುದಿಲ್ಲ, ಯಜಮಾನರ ಹತ್ತಿರವೂ ಇಲ್ಲ, ಮೊದಮೊದಲು ಅವರು ಕೇಳಿದ್ದರು, ನನ್ನ ಕಾರ್ಖಾನೆ, ನನ್ನ ಬೋರ್ಡು, ನನಗೊಂದು ಕೈ ಬೇಡವಾ ಅಂತ, ಒಳಗೆ ಕೈ ಇಟ್ಟಿರೋದು ನೀವಲ್ಲವಲ್ಲ ಸಾರ್ ಎಂದಿದ್ದಳು, ಅಂದಿನಿಂದ ಕೇಳಿಲ್ಲ, ಅಂದಿನಿಂದಲೇ ಇರಬೇಕು ಇಡೀ ಕಾರ್ಖಾನೆ ಅವಳನ್ನು ಅತ್ತಿಗೆ ಎನ್ನತೊಡಗಿದ್ದು, ಮೈದುನ ಕರೆಯುವುದನ್ನು ಕೇಳಿ ಕೇಳಿ ಗರಗಸದವರೂ ಲಾರಿಯವರೂ ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ಅತ್ತಿಗೆ, ಒಬ್ಬಳೇ ಅತ್ತಿಗೆಗೆ ನೂರಿಪ್ಪತ್ತು ಜನ ಮೈದುನಂದಿರು, ಯಾವ ಕಥೆಯಲ್ಲಿ ಉಂಟು. ಟೆಸ್ಟರ್ ತೆಗೆದಳು, ಮೊದಲು ಟೆಸ್ಟರನ್ನೇ ಪರೀಕ್ಷಿಸಬೇಕು, ಕರೆಂಟಿರುವ ಸಾಕೆಟ್ಟಿಗೆ ಇಟ್ಟಳು, ಉರಿಯಿತು, ಆಮೇಲೆ ಪ್ಯಾನೆಲ್ಲಿನೊಳಗೆ, ಕೆಂಪು ಹಳದಿ ನೀಲಿ, ಒಂದಕ್ಕೊಂದು ಮುಟ್ಟಿಸಿ, ಒಂದೊಂದನ್ನೂ ಅರ್ಥಿಂಗಿಗೆ ಮುಟ್ಟಿಸಿ, ಉರಿಯಲಿಲ್ಲ, ಮತ್ತೆ ಸಾಕೆಟ್ಟಿಗೆ, ಉರಿಯಿತು, ಸರಿ, ಹೌದು ಅನ್ನೋಕೆ ಬರೋನು ಇಲ್ಲ ಅಂದ್ರೆ ಮಾತ್ರ ಇಲ್ಲ ಕಣೆ, ಎಂದು ಮನೆಯವರು ಹೇಳಿದ್ದು ಇಪ್ಪತ್ತೇಳು ವರ್ಷದ ಹಿಂದೆ, ಮೋಟರು ಸುತ್ತುವ ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ತಂತಿಯ ತುದಿಗಳಿಗೆ ಚೀಟಿ ಕಟ್ಟುತ್ತಿದ್ದಳು, ಮೂರು ಶುರು ಮೂರು ಕೊನೆ, ಒಟ್ಟು ಆರು, ಓದಿದ್ದು ಏಳನೇ ಇಯತ್ತೆ, ಕಲಿತದ್ದು ಆ ಆರು ಚೀಟಿಗಳಿಂದ.

ಹಳೆ ಪ್ಯಾನೆಲ್ಲಿನ ಬಾಗಿಲು ಕಳಚಿ ಗೋಡೆಗೆ ಒರಗಿಸಿದಳು, ಒಳಮೈಯಲ್ಲಿ ಅವಳದೇ ಅಕ್ಷರ, ಬಿಳಿ ಬಣ್ಣದ ಪೆನ್ನಿನಲ್ಲಿ, ತಾರೀಕು, ಅದರ ಕೆಳಗೆ ಬಿಗಿ ನೋಡಿದೆ, ಅರ್ಥಿಂಗ್ ನೋಡಿದೆ, ದಿಕ್ಕು ನೋಡಿದೆ, ಮೂರು ಸಾಲು, ಈ ಕಾರ್ಖಾನೆಯ ನಲವತ್ತೊಂದು ಪ್ಯಾನೆಲ್ಲಿನ ಬಾಗಿಲ ಹಿಂದೆಯೂ ಇದೇ ಮೂರು ಸಾಲು, ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಅವಳ ಸಹಿ ಇರುವ ಬಾಗಿಲುಗಳೂ ನಲವತ್ತೊಂದು ಇವೆ ಎಂದು ಮೈದುನ ಹಂಗಿಸುತ್ತಾನೆ, ಹಂಗಿಸಲಿ, ಒಂದರಲ್ಲಾದರೂ ತಂತಿ ತುದಿಯ ಲಗ್ಗು ಕಪ್ಪಾಗಿದೆಯಾ, ಒಂದರಲ್ಲಾದರೂ ಯಾರಿಗಾದರೂ ಜುಮ್ಮೆಂದಿದೆಯಾ, ತಪಾಸಣೆಗೆ ಬಂದವರು ಸ್ಕ್ರೂ ಡ್ರೈವರ್ ಹಿಡಿದು ಒಂದೊಂದೇ ತಿರುಪು ತಿರುಗಿಸಿ ನೋಡಿ, ಇದನ್ನ ಮಾಡಿದ ಗಂಡಾಳು ಯಾರು ಅಂದಿದ್ದರು, ಇಡೀ ಷೆಡ್ಡು ನಕ್ಕಿತ್ತು, ಅವಳೂ ನಕ್ಕಿದ್ದಳು, ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಅದನ್ನು ಮೂರು ಸಲ ಹೇಳಿದ್ದಳು, ಮೂರನೇ ಸಲವೂ ಅವರು ಮೊದಲ ಸಲ ಕೇಳಿದ ಹಾಗೆಯೇ ಕೇಳಿದ್ದರು. ಮೂರು ಗಂಟೆಗೆ ಬರ್ತಾರಂತೆ ಯಜಮಾನ್ರು, ಎಂದ ಮೈದುನ, ಈಗ ಅವನ ದನಿಯಲ್ಲಿ ನಗೆ ಇಲ್ಲ, ಹೊರಗಿನಿಂದ ಒಬ್ಬ ಹೆಡ್ ಫಿಟ್ಟರನ್ನು ಗೊತ್ತು ಮಾಡಿದ್ದಾರಂತೆ, ನಾಳೆಯಿಂದ ಈಗಿನ ಫಿಟ್ಟರಾದ ಮೈದುನ ಹಲಗೆ ಜೋಡಿಸುವ ಅಂಗಳಕ್ಕೆ, ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಹಲಗೆ, ಎಲ್ಲ ಈ ಒಂದು ಬ್ಲೋವರಿನ ದೆಸೆಯಿಂದ, ಆರು ವರ್ಷದಿಂದ ಧೂಳು ಎಳೆಯುವುದೇ ಇಲ್ಲ ಇದು, ಎಳೆಯುತ್ತದೆ, ಆದರೆ ಅನ್ನ ಕಾಣದವನ ಹಾಗೆ, ಬಾಗಿಲು ಉಜ್ಜುವ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಾರೆ, ಅವರಲ್ಲಿ ದೊಡ್ಡವಳಾದ ಉಜ್ಜೋ ಅಕ್ಕನ ಮೂಗು ಬಾಯಿ ಹೇಗಿದೆಯೆಂದು ಕಾರ್ಖಾನೆಯಲ್ಲಿ ಮರೆತೇ ಹೋಗಿದೆ, ಮೈದುನ ಪೈಪು ಬದಲಿಸಿದ, ಬೆಲ್ಟು ಬದಲಿಸಿದ, ಪೈಪಿನ ಮೂಲೆಗಳನ್ನು ತೆಗೆದು ದುಂಡಗೆ ಬಗ್ಗಿಸಿದ, ಹೊಟ್ಟು ಸಿಕ್ಕಿಕೊಂಡಿದೆಯೇನೋ ಎಂದು ಪೈಪಿನೊಳಗೆ ತಾನೇ ತೂರಿ ಮೂರು ಗಂಟೆ ಹೊರಬರಲಾರದೆ ಒದ್ದಾಡಿದ, ಅಂದಿನಿಂದ ಅವನಿಗೆ ಧೂಳಪ್ಪ ಎಂದೇ ಹೆಸರು, ಅವಳೂ ಒಮ್ಮೆ, ಒಮ್ಮೆಯಲ್ಲ ಎಷ್ಟೋ ಸಲ, ಎಲ್ಲರ ಎದುರಿಗೆ ಅಂದಿದ್ದಳು, ಕುಣಿಯಲಾರದವನಿಗೆ ನೆಲ ಡೊಂಕು, ಕರೆಂಟು ಸರಿಯಾಗಿದೆ ಮೋಟರು ಸರಿಯಾಗಿದೆ, ನಿನ್ನ ಪೈಪೇ ಸರಿಯಿಲ್ಲ ಧೂಳಪ್ಪ, ಅವನು ತಲೆ ಕೆರೆದುಕೊಂಡು, ಇರಬಹುದು ಅತ್ತಿಗೆ, ನಿಮ್ಮ ಕೈ ತಪ್ಪಲ್ಲ, ಅಂದಿದ್ದ. ನಿಮ್ಮ ಕೈ ತಪ್ಪಲ್ಲ. ಹೊಸ ಸ್ಟಾರ್ಟರು ಬಂದಿದೆ, ಮೋಟರನ್ನು ಮೊದಲು ಮೆಲ್ಲಗೆ ಎಬ್ಬಿಸಿ ಆಮೇಲೆ ಪೂರ್ತಿ ಓಡಿಸುವಂಥದು, ಇದು ಬಂದ ಮೇಲಾದರೂ ಎಳೆದೀತೋ ಎಂದು ಎಲ್ಲರಿಗೂ ಆಸೆ, ಮೊದಲು ಅರ್ಥಿಂಗ್ ತಂತಿ, ಕಟ್ಟುವಾಗ ಮೊದಲು ಅದು, ಬಿಚ್ಚುವಾಗ ಕೊನೆಗೆ ಅದು, ಬ್ಲೋವರಿನ ಹೊಟ್ಟೆಗೂ ಒಂದು ಪಟ್ಟಿ ಎಳೆಯೋಣ, ಮರದ ಹುಡಿ ಉಜ್ಜಿ ಉಜ್ಜಿ ಹೋದರೆ ಕಿಡಿ ಹುಟ್ಟೀತು, ಬೋಲ್ಟಿಗೆ ಜಾಗ ಎಲ್ಲಿ, ಅವಳು ಬಟ್ಟೆ ತೆಗೆದುಕೊಂಡು ಹೊಟ್ಟೆಯ ಮೇಲ್ಭಾಗ ಒರೆಸಿದಳು, ಧೂಳಲ್ಲ ಅದು, ಧೂಳೂ ಗ್ರೀಸೂ ಕಲೆತು ರೊಟ್ಟಿಯಾಗಿದೆ, ಉಗುರಿನಿಂದ ಕೆರೆದಳು, ಪಕಳೆಯಾಗಿ ಎದ್ದಿತು, ಕೆಳಗೆ ಎರಕದ ಕಬ್ಬಿಣ, ಕಬ್ಬಿಣದಲ್ಲಿ ಉಬ್ಬು, ಏನೋ ಗೆರೆ, ಇನ್ನೂ ಕೆರೆದಳು, ಗೆರೆಗೆ ತುದಿ ಮೂಡಿತು. ಬಾಣ. ಬೆರಳುದ್ದದ ಬಾಣ, ಷೆಡ್ಡಿನ ಬಾಗಿಲಿನ ಕಡೆಗೆ.

ಬಾಗಿಲಿನ ಕಡೆಗೆ. ಬಿಳಿ ನೂಲು ಇಳಿದದ್ದು ಗೋಡೆಯ ಕಡೆಗೆ. ಅವಳು ಬಟ್ಟೆಯನ್ನು ಮತ್ತೆ ಬಾಣದ ಮೇಲೆ ಮುಚ್ಚಿದಳು, ಯಾಕೆ ಮುಚ್ಚಿದಳೋ ಅವಳಿಗೇ ಗೊತ್ತಿಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಅಂದಿಲ್ಲ, ಮೈದುನ ಆಚೆ ಡಬ್ಬದಲ್ಲಿ ನಟ್ಟು ಹುಡುಕುತ್ತಿದ್ದಾನೆ, ಏನತ್ತಿಗೆ ಚೇಳು ಕಂಡವರ ಹಾಗೆ ನಿಂತ್ರಿ, ಏನಿಲ್ಲ, ಬೋಲ್ಟಿಗೆ ಜಾಗ ನೋಡ್ತಿದ್ದೆ, ಆರು ವರ್ಷದ ಹಿಂದಿನ ಮಧ್ಯಾಹ್ನ, ಇದೇ ಜಾಗ, ಕೆಂಪಿಗೆ ಮೊದಲನೆಯದು ಹಳದಿಗೆ ಎರಡನೆಯದು ನೀಲಿಗೆ ಮೂರನೆಯದು, ಬಣ್ಣ ಬಣ್ಣಕ್ಕೆ ಜೋಡಿ, ಚೀಟಿ ಚೀಟಿಗೆ ಜೋಡಿ, ಒಂದು ಕ್ಷಣ ಚಾಲೂ ಮಾಡಿ ಆರಿಸಿದಳು, ದಿಕ್ಕು ನೋಡಲು, ಗರಗಸವಾದರೆ ಹಲ್ಲಿನಿಂದ ಗೊತ್ತಾಗುತ್ತದೆ, ನೀರಿನ ಪಂಪಾದರೆ ನೀರೇ ಹೇಳುತ್ತದೆ, ಸಾಗಿಸುವ ಪಟ್ಟಿಯಾದರೆ ಹಲಗೆ ಹಿಂದಕ್ಕೆ ಬರುತ್ತದೆ, ಬ್ಲೋವರಿಗೆ ಅವಳೊಂದು ಉಪಾಯ ಕಂಡುಹಿಡಿದಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ, ಪೈಪಿನ ಬಾಯಿಗೆ ಒಂದು ಹಾಳೆ ಹಿಡಿಯುವುದು, ಹಾಳೆ ಅಂಟಿಕೊಂಡರೆ ಎಳೆಯುತ್ತಿದೆ, ದಿಕ್ಕು ಸರಿ, ಹಾರಿ ಬಂದರೆ ಉಲ್ಟಾ, ಎರಡು ತಂತಿ ಅದಲುಬದಲು ಮಾಡು, ಮೂರರಲ್ಲಿ ಯಾವ ಎರಡಾದರೂ ಆದೀತು, ಎಷ್ಟು ಸುಲಭ, ಪಕ್ಕದ ಕಾರ್ಖಾನೆಯ ವೈರ್‌ಮನ್‌ಗಳೂ ಬಂದು ಕಲಿತು ಹೋಗಿದ್ದರು, ಅತ್ತಿಗೆಯ ಹಾಳೆ ಎಂದೇ ಅದಕ್ಕೆ ಹೆಸರು, ಅಂದೂ ಹಿಡಿದಿದ್ದಳು, ಹಾಳೆ ಅಂಟಿತ್ತು, ಮೆಲ್ಲಗೆ ಅಂಟಿತ್ತು, ಅಂಟಿತ್ತಲ್ಲ, ಹಿಗ್ಗಿನಿಂದ ಬರೆದಿದ್ದಳು, ದಿಕ್ಕು ನೋಡಿದೆ. ಯಾರು ಹೇಳಬೇಕಿತ್ತು, ಬಸವನಹುಳುವಿನ ಚಿಪ್ಪಿನಂಥ ಈ ಹೊಟ್ಟೆಯೊಳಗೆ ರೆಕ್ಕೆ ಹಿಂದುಮುಂದಾಗಿ ತಿರುಗಿದರೂ ಗಾಳಿ ಅದೇ ಬಾಯಿಂದ ಒಳಗೆ ಬಂದು ಅದೇ ಬಾಯಿಂದ ಹೊರಗೆ ಹೋಗುತ್ತದೆ ಎಂದು, ಅರ್ಧ ಜೀವದಲ್ಲಿ, ಆದರೆ ಅದೇ ಕಡೆಗೆ, ಹಾಳೆ ಅಂಟುತ್ತದೆ, ಹಾಳೆ ಎರಡೂ ಸಲ ಅಂಟುತ್ತದೆ, ಬಾಣವೊಂದೇ ಹೇಳಬಲ್ಲದು, ಬಾಣವನ್ನು ಅವಳು ನೋಡಲಿಲ್ಲ, ಹಾಳೆ ಇರುವಾಗ ಬಾಣ ಯಾಕೆ.

ಕೈ ಮಾತ್ರ ಕೆಲಸ ಮಾಡುತ್ತಲೇ ಇದೆ, ಕೈಗೆ ಈ ಗೋಜಿಲ್ಲ, ಕೇಬಲ್ಲಿನ ಸಿಪ್ಪೆ ಸುಲಿದು, ಒಂದು ಎಳೆಯೂ ತುಂಡಾಗದ ಹಾಗೆ, ಲಗ್ಗಿನೊಳಗೆ ತೂರಿಸಿ ಒತ್ತಿ, ಎಳೆದು ನೋಡಿ, ಮೈಭಾರ ಬಿಟ್ಟು ಎಳೆದು ನೋಡಿ, ಬಿಗಿಯುವ ಸ್ಪ್ಯಾನರ್ ಟಕ್ ಎನ್ನುವವರೆಗೆ, ಟಕ್ ಅಂದ ಮೇಲೆ ಒಂದು ಗೆರೆ ಬಣ್ಣ, ಮೋಟರಿನ ಪೂರ್ತಿ ಕರೆಂಟು ಇಪ್ಪತ್ತೆಂಟು ಆಂಪಿಯರ್, ಆದರೆ ಈ ಸ್ಟಾರ್ಟರಿನಲ್ಲಿ ಮೋಟರು ಸುಡದಂತೆ ಕಾಯುವ ರಿಲೇ ಕೂರುವ ಜಾಗದಲ್ಲಿ ಹರಿಯುವುದು ಅಷ್ಟಲ್ಲ, ಹದಿನಾರಕ್ಕೆ ಇಡಬೇಕು, ಇಪ್ಪತ್ತೆಂಟಕ್ಕೆ ಇಟ್ಟವರ ಮೋಟರುಗಳು ಸುಟ್ಟು ಮನೆಯವರ ಮೇಜಿಗೆ ಬರುತ್ತಿದ್ದವು, ಆ ವಾಸನೆ ಅವಳಿಗೆ ಗೊತ್ತು, ಅದಕ್ಕೇ ಅವಳು ಕಟ್ಟಿದ ಒಂದು ಮೋಟರೂ ಆ ಮೇಜಿಗೆ ಬಂದಿಲ್ಲ, ಆರು ತಂತಿ, ಶುರುವಿಗೆ ಶುರು ಕೊನೆಗೆ ಕೊನೆ, ಒಳಗೆ ತಂತಿಗಳ ಕಟ್ಟು ಬಾಚಿ ಹೆಣೆದ ಜಡೆಯ ಹಾಗೆ ಇಳಿಯುತ್ತಿದೆ, ನೋಡಿದರೆ ಕಣ್ಣು ತಣ್ಣಗಾಗಬೇಕು, ಹೆಮ್ಮೆ ಎದೆಯಲ್ಲಿ ಏಳುತ್ತದೆ, ಎದ್ದ ಹೆಮ್ಮೆ ಬಾಣಕ್ಕೆ ಬಡಿದು ನಿಲ್ಲುತ್ತದೆ, ಬಾಗಿಲಿನ ಕಡೆಗೆ. ಒಳಬರುವ ಮೂರರಲ್ಲಿ ಎರಡನ್ನು ಅದಲುಬದಲು ಮಾಡಿದಳು, ಅದಕ್ಕೆ ಎರಡು ನಿಮಿಷವೂ ಬೇಡ, ಈಗ ಬಾಣದ ದಿಕ್ಕಿಗೇ ತಿರುಗೀತು, ಆಯಿತಲ್ಲ, ಹೊಸ ಪ್ಯಾನೆಲ್ಲು ಹಾಕಿದಳು ಅತ್ತಿಗೆ, ಗಾಳಿ ಬಂತು ಎನ್ನುತ್ತಾರೆ, ಯಾರಿಗೆ ಗೊತ್ತಾಗಬೇಕು, ಹಳೆ ಬಾಗಿಲು ಗುಜರಿಗೆ, ಅಥವಾ ಮೋಟರು ಸುತ್ತಿದವರದೇ ತಪ್ಪು ಅಂದರೂ ಆಯಿತು, ಸುತ್ತುವಾಗ ತುದಿ ಅದಲುಬದಲಾಗಿತ್ತು ಅಂತ, ಸುತ್ತಿದ್ದು ಮನೆಯವರೇ, ಈಗ ಕೈ ನಡುಗಿ ಮನೆಯಲ್ಲಿರುವವರು, ಕೇಳಿದರೆ ಇರಬಹುದು ಎಂದೇ ಅನ್ನುತ್ತಾರೆ, ಈ ಅಣ್ಣತಮ್ಮಂದಿರಿಬ್ಬರಿಗೂ ಇರಬಹುದು ಎನ್ನುವ ರೋಗ, ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅವರ ಮಾತು ಬಂತು, ಮೋಟರಿಗೆ ಎಡ ಬಲ ಗೊತ್ತಿಲ್ಲ ಕಣೆ, ಕೊಟ್ಟ ಹಾಗೆ ತಿರುಗುತ್ತೆ ಪಾಪ, ದಿಕ್ಕು ಕೊಡೋಳು ನೀನು.

ಮೂರಕ್ಕೆ ಯಜಮಾನರು ಬಂದರು, ಕೈಗಡಿಯಾರ ನೋಡುತ್ತಲೇ ಬಂದರು, ಅವರ ಹಿಂದೆ ಉಜ್ಜುವ ಹೆಂಗಸರು, ಅವರ ಹಿಂದೆ ಗರಗಸದವರು, ಮೈದುನ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ, ಸ್ಪ್ಯಾನರನ್ನು ಒರೆಸಿದ್ದೇ ಒರೆಸಿದ್ದು, ನಾಳೆ ಯಾರಿಗೋ ಒಪ್ಪಿಸಬೇಕಾದ್ದಲ್ಲವೆ. ಅವಳು ಬೀಗ ತೆಗೆದು, ಬ್ಲೋವರಿನ ಹತ್ತಿರ ಯಾರ ಕೈಯೂ ಇಲ್ಲ ಎಂದು ನೋಡಿ, ಗುಂಡಿ ಒತ್ತಿದಳು, ಟಕ್ ಎಂದು ಹಿಡಿಯಿತು, ಗುಂಯ್ ಎಂದು ಏರಿತು, ಏರುತ್ತಾ ಹೋಯಿತು, ಎಂಟು ಎಣಿಸುವಷ್ಟರಲ್ಲಿ ಟಕಟಕ್, ಪೂರ್ತಿ ಓಟಕ್ಕೆ ಬಿತ್ತು, ಇಡೀ ಷೆಡ್ಡಿನ ಪೈಪು ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡ ಹಾಗೆ ಸದ್ದು ಮಾಡಿತು, ಉಜ್ಜುವ ಮೇಜಿನ ಮೇಲಿದ್ದ ಹುಡಿ ಎದ್ದು ಸಾಲಾಗಿ, ಇರುವೆ ಸಾಲಿನ ಹಾಗೆ, ಪೈಪಿನ ಬಾಯಿಗೆ ನಡೆಯಿತು, ಅವಳು ಅಭ್ಯಾಸದಿಂದ ಹಾಳೆ ಹಿಡಿದಳು, ಅಂಟಲಿಲ್ಲ, ಬೆರಳಿನಿಂದ ಕಿತ್ತುಕೊಂಡು ಒಳಗೆ ಹೋಯಿತು, ಹೋಗೇ ಹೋಯಿತು, ಖಾಲಿ ಬೆರಳು ನೋಡಿಕೊಂಡು ನಿಂತಳು. ಹೆಂಗಸರು ಓ ಎಂದರು. ಯಜಮಾನರು ತಲೆಯಾಡಿಸಿದರು, ನೋಡಿದಿರಾ, ಸಾಮಾನು ಒಳ್ಳೇದಾದರೆ, ಕಟ್ಟೋ ಕೈ ಒಳ್ಳೇದಾದರೆ ಹೇಗೆ ಅಂತ, ಅತ್ತಿಗೆ ಒಂದು ದಿನದಲ್ಲಿ ಮಾಡಿದ್ದನ್ನ ಆರು ವರ್ಷ ಪೈಪಿನೊಳಗೆ ಹುಡುಕಿದ್ರಲ್ಲ ನಮ್ಮ ಧೂಳಪ್ಪ, ಯಾರೋ ನಕ್ಕರು, ಮೈದುನನೂ ನಕ್ಕ, ಅದೇ ನೋಡಿ, ಮೈದುನನೂ ನಕ್ಕ, ಅತ್ತಿಗೆಯ ಗೆಲುವಿಗೆ ಮನಸಾರೆ ನಕ್ಕ, ಆ ನಗುವನ್ನು ಅವಳಿಗೆ ನೋಡಲಾಗಲಿಲ್ಲ, ಹೊಗಳಿಕೆ ಬಾಯಿಗೆ ಬಂದ ತುತ್ತಿನ ಹಾಗಿತ್ತು, ನುಂಗಿದರೆ ಇಳಿಯುತ್ತಿತ್ತು, ಇಳಿದೇ ಇಳಿಯುತ್ತಿತ್ತು, ಆದರೆ ಅದು ಇನ್ನೊಬ್ಬರ ತಟ್ಟೆಯದು. ಒಂದ್ ಸ್ವಲ್ಪ ನಿಲ್ಲಿ ಸಾರ್, ಎಂದಳು, ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ, ಮೈದುನನ ಮೇಲಿನ ಮಮತೆಗೆ ಹೇಳ್ತಾಳೆ ಅಂತೀರಿ, ತೋರಿಸ್ತೀನಿ. ಆರಿಸಿದಳು. ಪುಲ್ಲಿ ನಿಲ್ಲುವವರೆಗೂ ನಿಂತಳು, ಬಿಳಿ ನೂಲು ಈಗ ಬಾಗಿಲಿನ ಕಡೆಗೆ ಇಳಿಯುತ್ತಿದೆ, ಯಜಮಾನರು ಗಡಿಯಾರ ನೋಡಿದರು, ಬೀಗ ಹಾಕಿದಳು, ಬೀಗದ ಕೈ ಕೊರಳಿಗೆ, ಟೆಸ್ಟರ್ ಸಾಕೆಟ್ಟಿಗೆ, ಪ್ಯಾನೆಲ್ಲಿಗೆ, ಮತ್ತೆ ಸಾಕೆಟ್ಟಿಗೆ, ಈಗಷ್ಟೇ ಆರಿಸಿದ್ದಲ್ಲವೇನಮ್ಮ ಎಂದರು ಯಜಮಾನರು, ಹೌದು ಸಾರ್ ಎಂದಳು, ಒಂದನ್ನೂ ಬಿಡಲಿಲ್ಲ, ತಪ್ಪು ಒಪ್ಪಿಕೊಳ್ಳುವುದಕ್ಕೂ ಬೀಗ ಹಾಕಿಯೇ ಒಪ್ಪಿಕೊಳ್ಳುತ್ತಾಳೆ ಅವಳು, ಎರಡು ತಂತಿ ಬಿಚ್ಚಿ ಮೊದಲಿದ್ದ ಹಾಗೆ ಕಟ್ಟಿ ಬಿಗಿದಳು, ಟಕ್, ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಬೀಗ ತೆಗೆದು ಗುಂಡಿ ಒತ್ತಿದಳು, ಗುಂಯ್ ಎಂದು ಏರಿತು, ಅದೇ ಹೊಸ ಪ್ಯಾನೆಲ್ಲು, ಅದೇ ಪೈಪು, ಅದೇ ಬೆಲ್ಟು, ಹಾಳೆ ಹಿಡಿದಳು, ಮೆಲ್ಲಗೆ ಅಂಟಿತು, ಮೇಜಿನ ಮೇಲಿನ ಹುಡಿ ಅಲ್ಲೇ ಸುಮ್ಮನೆ ಕೂತಿತು, ಆರು ವರ್ಷ ಕೂತ ಹಾಗೆ.

ಅವಳು ಆರಿಸಿದಳು, ನಿಲ್ಲುವವರೆಗೆ ಕಾದಳು, ಬೀಗ ಹಾಕಿದಳು, ಬ್ಲೋವರಿನ ಮೇಲಿನ ಬಟ್ಟೆ ತೆಗೆದು ಬಾಣ ತೋರಿಸಿದಳು, ಗೋಡೆಗೆ ಒರಗಿದ ಹಳೆ ಬಾಗಿಲನ್ನು ಯಜಮಾನರ ಕಡೆಗೆ ತಿರುಗಿಸಿದಳು, ಓದಿ ಸಾರ್, ಮೂರನೇ ಸಾಲು, ಅದು ನನ್ನ ಅಕ್ಷರ, ಇವನ ಪೈಪಿನಲ್ಲಿ ಏನೂ ಇರಲಿಲ್ಲ, ಈ ಎರಡು ತಂತಿ, ನಾನು ಕಟ್ಟಿದ್ದು, ಹಾಳೆ ನೋಡಿದೆ, ಬಾಣ ನೋಡಲಿಲ್ಲ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯ, ಎದೆ ಕುಸಿಯಬೇಕಿತ್ತು, ಕುಸಿಯಲಿಲ್ಲ, ನಲವತ್ತೊಂದು ಬಾಗಿಲ ಹಿಂದೆ ಬರೆದಾಗ ನಿಂತ ಹಾಗೆಯೇ ನಿಂತಿದ್ದಾಳೆ, ಇನ್ನೂ ಸ್ವಲ್ಪ ನೆಟ್ಟಗೆ. ಯಜಮಾನರು ಬಾಣವನ್ನು ನೋಡಿದರು, ಬಾಗಿಲನ್ನು ನೋಡಿದರು, ಕೇಳಿದರು, ಉಳಿದ ನಲವತ್ತು ಹೇಗಮ್ಮಾ? ಆ ಪ್ರಶ್ನೆ ಚುಚ್ಚಿತು, ಚುಚ್ಚಲಿ, ಕೇಳಬೇಕಾದ ಪ್ರಶ್ನೆಯೇ, ಗರಗಸ ಪಂಪು ಎಲ್ಲ ಕಣ್ಣಿಗೆ ಕಾಣುತ್ತೆ ಸಾರ್, ಬ್ಲೋವರು ಇನ್ನೆರಡಿವೆ, ನಾಳೆ ಬೆಳಿಗ್ಗೆ ನಾನೇ ಕೆರೆದು ನೋಡ್ತೀನಿ, ಪಕ್ಕದ ಕಾರ್ಖಾನೆಯವರಿಗೂ ಹೇಳಿ ಬರ್ತೀನಿ, ನನ್ನ ಹಾಳೆ ನಂಬಿಕೊಂಡು ಕೂತಿರ್ತಾರೆ. ಅವರು ಹೂಂ ಎಂದರು, ಜೇಬಿನಿಂದ ಫೋನು ತೆಗೆದು ಹೊರಗೆ ಹೋಗುತ್ತಾ ಯಾರಿಗೋ ನಾಳೆ ಬರೋದು ಬೇಡ, ಇಲ್ಲ, ನಮ್ಮಲ್ಲೇ ಫಿಟ್ಟರ್ ಇದ್ದಾನೆ, ಎನ್ನುತ್ತಿರುವುದು ಬಾಗಿಲಾಚೆಯಿಂದ ಕೇಳಿತು. ಅವಳು ಮತ್ತೆ ಟೆಸ್ಟರ್ ಹಿಡಿದು, ಮತ್ತೆ ಮೂರೂ ನೋಡಿ, ಮತ್ತೆ ಎರಡು ತಂತಿ ಬದಲಿಸಿ ಬಿಗಿದಳು, ಇಂದಿಗೆ ಮೂರನೇ ಸಲ, ಬೆರಳಿನ ತುದಿ ಕೆಂಪಾಗಿದೆ, ಚಾಲೂ ಮಾಡಿದಳು, ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರು ಹಿಡಿದಳು, ಇಪ್ಪತ್ತಾರು, ದುಡಿಯುತ್ತಿದೆ ಈಗ, ಹೊಸ ಬಾಗಿಲ ಹಿಂದೆ ಬಿಳಿ ಪೆನ್ನಿನಲ್ಲಿ ಬಿಗಿ ನೋಡಿದೆ, ಅರ್ಥಿಂಗ್ ನೋಡಿದೆ, ಮೂರನೇ ಸಾಲಿಗೆ ಬಂದು ತಡೆದಳು, ಬಾಣ ನೋಡಿದೆ ಎಂದು ಬರೆದಳು, ಅದರ ಕೆಳಗೆ, ಹಿಂದೆ ಆರು ವರ್ಷ ತಪ್ಪಿತ್ತು, ಕಟ್ಟಿದವಳು ನಾನೇ. ಮೈದುನ ಹತ್ತಿರ ಬಂದು ನಿಂತ, ಓದಿದ, ಕಣ್ಣು ಪಿಳಿಪಿಳಿ ಮಾಡಿದ, ಧೂಳಿಗಲ್ಲ, ಧೂಳು ಈಗ ಎಲ್ಲಿದೆ. ಆಮೇಲೆ ಅಂದ, ಅತ್ತಿಗೆ, ಆರು ವರ್ಷ ಬೈದ್ರಲ್ಲ, ಅದನ್ನೂ ಎರಡು ತಂತಿ ಬದಲಿಸಿ ವಾಪಸ್ ತಗೋತೀರಾ? ತಗೋತೀನಪ್ಪ, ಅವಳೆಂದಳು, ಆದ್ರೆ ಪೈಪಿನೊಳಗೆ ಸಿಕ್ಕಿಹಾಕ್ಕೊಂಡಿದ್ದು ಮಾತ್ರ ನಿಂದೇ. ಅದು ನಂದೇ, ಎಂದು ಅವನು ನಕ್ಕು ಅತ್ತ ಹೋದ. ಉಜ್ಜುವ ಮೇಜಿನ ಹತ್ತಿರ ಉಜ್ಜೋ ಅಕ್ಕ ಮೂಗಿನ ಬಟ್ಟೆ ಕೆಳಗಿಳಿಸಿ, ಒಮ್ಮೆ ಉಸಿರೆಳೆದು, ಮತ್ತೊಮ್ಮೆ ಎಳೆದು ನೋಡುತ್ತಿದ್ದಾಳೆ, ಗಲ್ಲದಲ್ಲಿ ಒಂದು ಮಚ್ಚೆ ಇದೆ ಅವಳಿಗೆ, ಇರುವುದೇ ಗೊತ್ತಿರಲಿಲ್ಲ, ಅತ್ತಿಗೆ ಅದನ್ನೇ ನೋಡುತ್ತಾ, ಸಂಜೆ ಮನೆಗೆ ಹೋಗಿ ಇದನ್ನೂ ಹೇಳಬೇಕು ಅವರಿಗೆ, ಮೂರು ಸಲ, ಎಂದುಕೊಳ್ಳುತ್ತಿರುವಾಗ ಮೈದುನ ನೆಲದ ಗೆರೆಗೆ ಬಳಿಯುವ ಹಳದಿ ಬಣ್ಣದ ಡಬ್ಬವನ್ನೂ ಸಣ್ಣ ಕುಂಚವನ್ನೂ ತಂದು ಬ್ಲೋವರಿನ ಹತ್ತಿರ ಮಂಡಿಯೂರಿದ್ದ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಬಾಲದಿಂದ ತುದಿಗೆ ಒಂದೇ ಎಳೆತ, ಪಕ್ಕದಲ್ಲಿ ಪುಲ್ಲಿ ಅತ್ತಲೇ, ಬಿಳಿ ನೂಲು ಅತ್ತಲೇ, ಅವನ ಕೈ ಅತ್ತಲೇ, ಬಾಗಿಲಿನ ಕಡೆಗೆ, ಬಾಣ — ಹಳದಿ, ಇನ್ನೂ ಹಸಿ.